ಸಣ್ಣ ವಿಮಾನವೂ ಹಿಮದ ಸುಂಕವೂ



ನಮ್ಮ ಸೀಮೆಯಲ್ಲಿ ಮಂಜುಗಡ್ಡೆಯೆಂದರೆ ಬೇಸಗೆಯ ಪಾನಕಕ್ಕೆ ಒದಗುವ ಪದಾರ್ಥವೇ ಹೊರತು, ಪ್ರಾಣಕ್ಕೆ ಮುಳುವಾಗತಕ್ಕದ್ದೆಂದು ಯಾರೂ ಎಣಿಸುವುದಿಲ್ಲ. ಪದಾರ್ಥವಿಜ್ಞಾನವನ್ನು ಬೋಧಿಸುವ ನನಗೂ ಈ ವಿಷಯದಲ್ಲಿ ಪುಸ್ತಕದ ಅರಿವನ್ನು ಮೀರಿದ ಅರಿವು ಇರಲಿಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ಚಳಿಗಾಲದಲ್ಲಿ ಬರೆದ ಕಾಗದ ನನ್ನ ಕಣ್ಣನ್ನು ತೆರೆಯಿಸಿತು. ಆತ ಕೆಲವರೊಡನೆ ಸೇರಿ ಒಂದು ಸಣ್ಣ ವಿಮಾನವನ್ನು ಕೊಂಡು ತಾನೇ ನಡೆಸುತ್ತಾನೆ. ಇಲ್ಲಿಂದ ಹೋಗಿದ್ದ ತಂದೆತಾಯಿಗಳನ್ನೂ ಹೆಂಡತಿಯನ್ನೂ ಕೂರಿಸಿಕೊಂಡು, ನೆಬ್ರಾಸ್ಕ ಸಂಸ್ಥಾನದ ಒಮಾಹದಲ್ಲಿರುವ ತಮ್ಮನ ಮನೆಗೆ ಹೋಗಬೇಕೆಂದು ಅವನ ಬಯಕೆ. "ಗುರುಗಳೇ, ಹಿಮ ಕಳೆಯುವ ದ್ರವವನ್ನು ತುಂಬಿದರೆ ಅಮ್ಮನ ಪೆಟ್ಟಿಗೆಗೆ ಎಡೆಯಿಲ್ಲ, ಪೆಟ್ಟಿಗೆಯನ್ನು ಇಟ್ಟರೆ ಪೆಟ್ರೋಲನ್ನು ಇಳಿಸಬೇಕು. ಏನು ಮಾಡಲಿ?" ಎಂದು ಬರೆದಿದ್ದ.

ಈ ಪ್ರಶ್ನೆ ಮೇಲುನೋಟಕ್ಕೆ ತೋರುವಷ್ಟು ಸುಲಭವಾದುದಲ್ಲ.

ಮೊದಲು ಹಿಮದ ವಿಚಾರ. ಸೊನ್ನೆ ಡಿಗ್ರಿಗೆ ಇಳಿದೊಡನೆ ನೀರು ಗಟ್ಟಿಯಾಗಲೇಬೇಕೆಂಬ ನಿಯಮವಿಲ್ಲ. ಮೋಡದೊಳಗಿನ ಸೂಕ್ಷ್ಮ ಹನಿಗಳು ಅದಕ್ಕಿಂತ ಹತ್ತು, ಹದಿನೈದು ಡಿಗ್ರಿ ಕೆಳಗೂ ದ್ರವವಾಗಿಯೇ ಉಳಿಯಬಲ್ಲವು. ಅವು ಒಂದು ಆಸರೆಗಾಗಿ ಕಾಯುತ್ತಿರುತ್ತವೆ. ವಿಮಾನದ ರೆಕ್ಕೆ ತಗುಲಿದ ಕ್ಷಣದಲ್ಲಿ ಹೆಪ್ಪುಗಟ್ಟಿ ಅದರ ಮುಂದಂಚಿಗೆ ಕಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆಯೂ ಇಂತಹ ಶೈತ್ಯವುಂಟು, ಆದರೆ ಅದು ಸುಮಾರು 16,000 ಅಡಿಗಳಾಚೆ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ ಚಳಿಗಾಲದಲ್ಲಿ ಅದು ನೆಲದವರೆಗೂ ಇಳಿದಿರುತ್ತದೆ. ಸರೋವರಗಳ ತೇವ ಅದಕ್ಕೆ ಬೆಂಬಲ.

ಹಿಮದ ತೂಕದಿಂದ ವಿಮಾನ ಬೀಳುತ್ತದೆಂದು ಅನೇಕರ ಭಾವನೆ. ತೂಕವೂ ಒಂದು ಕಾರಣವೇ. ಆದರೆ ಮುಖ್ಯವಾದ ಕೇಡು ಆಕಾರಕ್ಕೆ ಒದಗತಕ್ಕದ್ದು. ಮರಕ್ಕೆ ಉಜ್ಜುವ ಮರಳು ಕಾಗದದಷ್ಟು ಒರಟಾದ ತೆಳುಹಿಮ ರೆಕ್ಕೆಯ ಮುಂದಂಚನ್ನೂ ಮೇಲ್ಮೈಯನ್ನೂ ಮುಸುಕಿದರೆ ಸಾಕು, ರೆಕ್ಕೆಯ ಎತ್ತುವ ಶಕ್ತಿ ನೂರಕ್ಕೆ 30ರವರೆಗೆ ಕುಗ್ಗಬಹುದು, ಗಾಳಿಯ ತಡೆ ನೂರಕ್ಕೆ 40ರವರೆಗೆ ಹೆಚ್ಚಬಹುದು ಎಂದು ಪರೀಕ್ಷೆಗಳಿಂದ ತಿಳಿದಿದೆ. ಹಿಮ ತನ್ನ ತೂಕಕ್ಕಿಂತ ಹೆಚ್ಚಾಗಿ ತನ್ನ ಆಕಾರದಿಂದ ಕೊಲ್ಲುತ್ತದೆ; ಅದನ್ನು ಕಳೆಯುವ ಸಾಧನವಾದರೋ, ಹಿಮ ಬರಲಿ ಬಿಡಲಿ, ತೂಕದಿಂದಲೇ ನಮ್ಮನ್ನು ಕಾಡುತ್ತದೆ.

ಆ ಸಾಧನಗಳಲ್ಲಿ ಹಳೆಯದು ರಬ್ಬರಿನ ಬೂಟು. 1930ರ ಸುಮಾರಿನಲ್ಲಿ ಗುಡ್‌ರಿಚ್ ಕಂಪೆನಿಯ ರಸಾಯನಜ್ಞ ವಿಲಿಯಂ ಗೀರ್ ಎಂಬಾತ ಇದನ್ನು ಬಳಕೆಗೆ ತಂದ. ರೆಕ್ಕೆಯ ಮುಂದಂಚಿಗೆ ಅಂಟಿಸಿದ ಈ ಹೊದಿಕೆಗೆ, ಬೈಸಿಕಲ್ಲಿನ ಟ್ಯೂಬಿಗೆ ತುಂಬುವಂತೆ ಗಾಳಿ ತುಂಬಿದರೆ, ಅದು ಉಬ್ಬಿ ಹಿಮದ ಚಕ್ಕೆಗಳನ್ನು ಒಡೆದು ಹಾಕುತ್ತದೆ. ಇದಕ್ಕೆ ದ್ರವದ ಹಂಗಿಲ್ಲ. ಎರಡನೆಯದು ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದುದು. ಅದನ್ನು ರೂಪಿಸಿದ ಮೂರು ಕಂಪೆನಿಗಳ ಮೊದಲ ಅಕ್ಷರಗಳಿಂದ ಟಿ.ಕೆ.ಎಸ್. ಎಂದು ಹೆಸರಾಯಿತು. ರೆಕ್ಕೆಯ ಅಂಚಿನಲ್ಲಿ ಟೈಟೇನಿಯಂ ಲೋಹದ ಫಲಕ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ರಂಧ್ರಗಳು. ಅವುಗಳ ಮೂಲಕ ಗ್ಲೈಕಾಲ್ ಬೆರೆತ ದ್ರವ ಜಿನುಗಿ ಹಿಂದಕ್ಕೆ ಹರಿಯುತ್ತ ಹಿಮ ಕಚ್ಚದಂತೆ ಮಾಡುತ್ತದೆ. ರೆಕ್ಕೆ ಬೆವರುತ್ತದೆಯೆಂದರೆ ತಪ್ಪಲ್ಲ.

ನನ್ನ ಶಿಷ್ಯನ ಸಿರಸ್ ಎಸ್.ಆರ್. 22 ವಿಮಾನದಲ್ಲಿರುವುದು ಈ ಎರಡನೆಯದು. ಹಿಮವಿದೆಯೆಂದು ತಿಳಿದೂ ಅದರೊಳಗೆ ಹೋಗಲು ಈ ಜಾತಿಯ ವಿಮಾನಕ್ಕೆ 2009ರಲ್ಲಿ ಅನುಮತಿ ದೊರೆಯಿತು. ಅದರ ದ್ರವದ ತೊಟ್ಟಿಗಳು 8 ಗ್ಯಾಲನ್ ಹಿಡಿಯುತ್ತವೆ. ಗ್ಯಾಲನ್ನಿಗೆ 9.2 ಪೌಂಡಿನಂತೆ ಸುಮಾರು 74 ಪೌಂಡು.

ಇನ್ನು ಲೆಕ್ಕ. ದಯವಿಟ್ಟು ಬೇಸರಿಸಬಾರದು, ನಾನು ಮೇಷ್ಟರು. ಈ ವಿಮಾನ ನೆಲ ಬಿಡುವಾಗ ಒಟ್ಟು 3600 ಪೌಂಡನ್ನು ಮೀರಕೂಡದು. ಬರಿಯ ವಿಮಾನದ ತೂಕ, ಫಲಕ ಪಂಪುಗಳೂ ಸೇರಿ, 2290 ಎಂದು ಇಟ್ಟುಕೊಳ್ಳೋಣ. ಉಳಿದ 1310 ಪೌಂಡೇ ಉಪಯುಕ್ತ ಭಾರ. ಪೆಟ್ರೋಲು 92 ಗ್ಯಾಲನ್, ಗ್ಯಾಲನ್ನಿಗೆ 6 ಪೌಂಡಿನಂತೆ 552. ತಲಾ 170 ಪೌಂಡಿನ ನಾಲ್ವರು, 680. ಉಳಿಯುವುದು 78, ಅಮ್ಮನ ಪೆಟ್ಟಿಗೆಯೂ ಇತರರ ಚೀಲಗಳೂ ಹಿಡಿದಾವು. ದ್ರವವನ್ನು ತುಂಬಿದಿರೋ, ಉಳಿಯುವುದು 4 ಪೌಂಡು!

ಪೆಟ್ಟಿಗೆಯನ್ನು ಬಿಡಲೊಲ್ಲದವರು 74 ಪೌಂಡಿನ ಪೆಟ್ರೋಲನ್ನು ಬಿಡಬೇಕು. ಅದು ಸುಮಾರು 12 ಗ್ಯಾಲನ್. ಗಂಟೆಗೆ 16 ಗ್ಯಾಲನ್ ಕುಡಿಯುವ ಎಂಜಿನ್ನಿಗೆ ಇದು ಮುಕ್ಕಾಲು ಗಂಟೆಯ ಆಹಾರ. ಮೋಡದಲ್ಲಿ ಉಪಕರಣಗಳನ್ನೇ ನಂಬಿ ಹಾರುವವನು, ಗುರಿಯನ್ನೂ ಬದಲಿ ನಿಲ್ದಾಣವನ್ನೂ ಮುಟ್ಟಿದ ಮೇಲೆ ಇನ್ನೂ 45 ನಿಮಿಷಗಳ ಪೆಟ್ರೋಲನ್ನು ಉಳಿಸಿಕೊಂಡಿರಬೇಕೆಂದು ಆ ದೇಶದ ಕಾನೂನು. ತುಂಬಿದ ದ್ರವ ಸರಿಯಾಗಿ ಆ ಆಪದ್ಧನದಷ್ಟೇ ತೂಗುತ್ತದೆ! ಪೆಟ್ರೋಲಾದರೆ ಹಾರಿದಂತೆ ಹಗುರವಾಗುತ್ತ ಬರುತ್ತದೆ; ದ್ರವ ಹಿಮ ಸಿಕ್ಕದಿದ್ದರೆ ಹೋದಂತೆಯೇ ಹಿಂದಿರುಗುತ್ತದೆ.

ಒಮಾಹ ಡೆಟ್ರಾಯಿಟಿಗೆ ಪಶ್ಚಿಮ. ಚಳಿಗಾಲದ ಎದುರುಗಾಳಿಯಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಪಯಣ. ಶಿಷ್ಯನ ಲೆಕ್ಕದಂತೆ ತುಂಬಿದ ಪೆಟ್ರೋಲು ಅದಕ್ಕೆ ಸರಿಸಮವಾಗಿತ್ತು. 12 ಗ್ಯಾಲನ್ ಕಡಿಮೆಯಾದರೆ ನಡುವೆ ಎಲ್ಲಿಯಾದರೂ ಇಳಿದು ತುಂಬಿಸಿಕೊಳ್ಳಬೇಕು. ಅದರಲ್ಲೇನು ಕಷ್ಟ ಎಂದು ನಾನು ಸುಮ್ಮನೆ ಬರೆದುಬಿಟ್ಟೆ. ಅವನ ಉತ್ತರ ನನ್ನನ್ನು ನಾಚಿಸಿತು. ಹಿಮವಿರುವುದು ಮೋಡದೊಳಗೆ, ಮೋಡ ನೆಲದ ಸಮೀಪದಲ್ಲಿ, ಮೇಲೇರಿ ಬಿಸಿಲಿಗೆ ಬಂದರೆ ಹಿಮವಿಲ್ಲ. ಒಮ್ಮೆ ಇಳಿದು ಮತ್ತೆ ಏರುವುದೆಂದರೆ ಆ ಮೋಡವನ್ನು ಎರಡು ಸಲ ಹೆಚ್ಚಾಗಿ ಹೊಕ್ಕು ಹೊರಡುವುದು. ಹಿಮದಿಂದ ಕಾಯಲೆಂದು ಹೊತ್ತ ಭಾರವೇ ಹಿಮದೊಳಕ್ಕೆ ಮತ್ತೆರಡು ಬಾರಿ ನೂಕುತ್ತದೆ!

ಆ ದ್ರವವಾದರೂ ಎಷ್ಟು ಹೊತ್ತು ಬಂದೀತು? ಸಾಧಾರಣ ಹರಿವಿನಲ್ಲಿ ಎರಡೂವರೆ ಗಂಟೆ. ಅತ್ಯಧಿಕ ಹರಿವಿನಲ್ಲಿ ನಲವತ್ತು ನಿಮಿಷವೂ ಇಲ್ಲ. ಅದು ಹಿಮದಲ್ಲಿ ವಾಸಮಾಡಲು ಕೊಟ್ಟ ಹಕ್ಕಲ್ಲ, ಹೊರಬೀಳಲು ಕೊಟ್ಟ ವಾಯಿದೆ. ದೊಡ್ಡ ಹನಿಗಳ ಹಿಮಮಳೆಯಲ್ಲಿ ಆ ವಾಯಿದೆಯೂ ನಡೆಯದು: ಹನಿಗಳು ರಕ್ಷಣೆಯಿರುವ ಅಂಚನ್ನು ದಾಟಿ ಹಿಂದೆ ಹರಿದು ಹೆಪ್ಪುಗಟ್ಟುತ್ತವೆ. 1994ರ ಅಕ್ಟೋಬರ್ 31ರಂದು ಇಂಡಿಯಾನದ ರೋಸ್‌ಲಾನ್ ಬಳಿ ಎ.ಟಿ.ಆರ್. 72 ವಿಮಾನವೊಂದು ಹೀಗೆ ಉರುಳಿ 68 ಮಂದಿ ಸತ್ತರು. ಅದು ದೊಡ್ಡ ವಿಮಾನ. ಅದರ ರಬ್ಬರಿನ ಬೂಟುಗಳ ಹಿಂದೆಯೇ ಹಿಮ ಕಟ್ಟಿಕೊಂಡಿತ್ತು.

ಹೊರಡುವ ದಿನ ಬೆಳಗ್ಗೆ, ನಡುವೆ ಇಳಿಯಬೇಕಾಗಿದ್ದ ಊರಿನಲ್ಲಿ ಅಂತಹುದೇ ತುಂತುರಿನ ಮುನ್ಸೂಚನೆಯಿತ್ತಂತೆ. ಆತ ವಿಮಾನಕ್ಕೆ ಬೀಗ ಹಾಕಿ ಮೋಟಾರು ಕಾರನ್ನು ತೆಗೆದ. ಏಳುನೂರು ಮೈಲಿಗೂ ಮಿಗಿಲಾದ ದಾರಿ. ಎರಡು ದಿನ ಹಿಡಿಯಿತು. ತಂದೆಯವರು ದಾರಿಯುದ್ದಕ್ಕೂ, ವಿಮಾನವಿಟ್ಟುಕೊಂಡು ಇದೆಂತಹ ಪಯಣವೆಂದು ಗೊಣಗಿದರಂತೆ. ತಾಯಿಯವರು ಮಾತ್ರ ಏನೂ ಹೇಳಲಿಲ್ಲವಂತೆ. ಪೆಟ್ಟಿಗೆಯೂ ಅದರೊಳಗಿನ ಉಪ್ಪಿನಕಾಯಿಯ ಭರಣಿಗಳೂ ಸುಖವಾಗಿ ಒಮಾಹ ಸೇರಿದುವು.