ಬೆಳ್ಳಿಯ ಹಾವಿಗೆ ಅಂಕಿತ ಎಲ್ಲಿ?

(ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ)



ಲಕ್ಷ್ಮೀಶನ ಊರಿನಲ್ಲಿ ನಿಂತು ಮಾತನಾಡುವವನು ಕುದುರೆಯಿಂದಲೇ ಶುರು ಮಾಡಬೇಕು. ‘ಜೈಮಿನಿ ಭಾರತ’ದ ಲವನ ಕಥೆ ನಿಮಗೆ ನಾನು ಹೇಳಬೇಕಾದದ್ದಲ್ಲ. ಆಶ್ರಮದ ತೋಟಕ್ಕೆ ನುಗ್ಗಿದ ಯಾಗದ ಕುದುರೆಯನ್ನು ಆ ಹುಡುಗ ಹಿಡಿಯುತ್ತಾನೆ. ಆದರೆ ಬಾಳೆಯ ಗಿಡಕ್ಕೆ ಕಟ್ಟುವ ಮೊದಲು ಅದರ ನೆತ್ತಿಯ ಪಟ್ಟದ ಮೇಲಿನ ಬರಹವನ್ನು ಓದುತ್ತಾನೆ. ಕುದುರೆ ಯಾರದು ಎಂಬುದು ಗೊತ್ತಾದ ಮೇಲೆಯೇ ಮುಂದಿನ ಕೆಲಸ.

ಆ ಪಟ್ಟ ಕುದುರೆಯ ಒಡೆಯನ ಹೆಸರು ಹೇಳಿತು. ಪಟ್ಟವನ್ನು ತಟ್ಟಿದ ಅಕ್ಕಸಾಲಿಯ ಹೆಸರು ಹೇಳಲಿಲ್ಲ. ಇವತ್ತಿನ ನನ್ನ ಮಾತು ಆ ಎರಡನೆಯ ಹೆಸರಿನ ಬಗ್ಗೆ.

ಮೊದಲು ನಮ್ಮ ಮನೆಯ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಜ್ಜಿಯ ಹತ್ತಿರ ಒಂದು ಜೊತೆ ಬೆಳ್ಳಿಯ ನಾಗಮುರಿಗೆ ಇತ್ತು. ತೋಳಿಗೆ ಸುತ್ತಿಕೊಂಡು ಹೆಡೆ ಎತ್ತಿದ ಹಾವು. ಅಕ್ಕನ ಮದುವೆಯ ಹೊತ್ತಿಗೆ ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದೆವು. ತೂಕ ಹಾಕಿದರು, ಸವಕಲು ಎಂದು ಒಂದಿಷ್ಟು ಕಳೆದರು, ನಮ್ಮ ಕಣ್ಣೆದುರಿಗೇ ಕರಗಿಸಿದರು. ಹೊಸ ಕಾಲುಗೆಜ್ಜೆ ಬಂತು. ಮದುವೆಗೆ ಬಂದಿದ್ದ ಅಜ್ಜಿಯ ತವರಿನ ಮುದುಕ ಆಚಾರ್ರು ವಿಷಯ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಹೆಡೆಯ ಒಳಮೈ ನೋಡಿದ್ರೇನಪ್ಪಾ?” ಯಾರೂ ನೋಡಿರಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳಲು ನನಗೆ ಕಲಿಸಿದ್ದರು. ಮನೆಯ ಒಡವೆಯ ಬಗ್ಗೆ ಇವುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಬೆಳ್ಳಿಯ ಪ್ರಾಣಿಗಳು ಬೇಕಾದಷ್ಟಿವೆ. ಮೀನಿನ ಕಾಲುಂಗುರ, ಸಿಂಹಮುಖದ ಕಡಗ, ಬಸವನ ಪದಕ, ಗಿಳಿಯ ಕೊಂಡಿ, ಸುಬ್ರಹ್ಮಣ್ಯನಿಗೆ ಹರಕೆ ಒಪ್ಪಿಸುವ ನಾಗರ. ಇವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡರೆ ಗುರುತನ್ನು ಎಲ್ಲಿ ಹುಡುಕಬೇಕು? ಎದುರಿಗಂತೂ ಅಲ್ಲ. ಪದಕದ ಬೆನ್ನು, ಕಡಗದ ಒಳಮೈ, ಕೊಂಡಿಯ ನಾಲಗೆ, ತಿರುಪಿನ ಪಕ್ಕ, ಪ್ರಾಣಿಯ ಹೊಟ್ಟೆಯ ಅಡಿ – ಇಲ್ಲಿ ನೋಡಬೇಕು. ಓರೆಯಾಗಿ ಬೀಳುವ ಬೆಳಕು ಮತ್ತು ಒಂದು ಭೂತಗನ್ನಡಿ ಸಾಕು. ಹುಣಸೆಹಣ್ಣು, ವಿಭೂತಿ ಹಾಕಿ ಗಸಗಸ ಉಜ್ಜಬೇಡಿ. ಸಣ್ಣ ಠಸ್ಸೆ ಮೊದಲು ಸವೆಯುವುದೇ ಆ ಉಜ್ಜಾಟದಲ್ಲಿ.

ಗುರುತು ಸಿಕ್ಕಿತು ಎನ್ನಿ. ಅದು ಮೂರರಲ್ಲಿ ಒಂದಾಗಿರುತ್ತದೆ: ಮಾಡಿದವರ ಗುರುತು, ಶುದ್ಧತೆಯ ಗುರುತು, ಇಲ್ಲವೇ ಒಡೆಯರ ಗುರುತು. ಮದುವೆಗೆ ಕೊಟ್ಟ ಚೊಂಬು ತಟ್ಟೆಗಳಿಗೆ ಹೆಸರು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಬೆಳ್ಳಿಯ ಮೇಲೂ ಹಾಗೆ ಕೊರೆಸಿದ ಅಕ್ಷರಗಳಿರುತ್ತವೆ. ಅದನ್ನು ಅಕ್ಕಸಾಲಿಯ ಹೆಸರೆಂದು ಎಣಿಸಿ ಮೋಸ ಹೋದವರಿದ್ದಾರೆ. ಸಾಮಾನ್ಯವಾಗಿ ಒಡೆಯರ ಹೆಸರನ್ನು ಆಮೇಲೆ ಉಳಿಯಿಂದ ಕೊರೆದಿರುತ್ತಾರೆ ಅಥವಾ ಚುಕ್ಕಿ ಚುಕ್ಕಿಯಾಗಿ ಹೊಡೆದಿರುತ್ತಾರೆ. ಮಾಡಿದವರ ಗುರುತು ಒಂದೇ ಪೆಟ್ಟಿಗೆ ಒತ್ತಿದ ಅಚ್ಚು. ಅದರ ಸುತ್ತ ಒಂದು ಸಣ್ಣ ಚೌಕಟ್ಟಿನ ತಗ್ಗು ಕಾಣುತ್ತದೆ.

ಈ ಒತ್ತುವ ಪದ್ಧತಿ ಶಾಸ್ತ್ರೋಕ್ತವಾಗಿ ಬೆಳೆದದ್ದು ಯುರೋಪಿನಲ್ಲಿ. ನಮ್ಮ ಜಿಲ್ಲೆಗೂ ಅದಕ್ಕೂ ಸಂಬಂಧವಿಲ್ಲದೆ ಇಲ್ಲ. ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಕಾಫಿ ತೋಟ ಮಾಡಿದ ದೊರೆಗಳ ಮನೆಗಳಲ್ಲಿ ಇಂಗ್ಲೆಂಡಿನ ಬೆಳ್ಳಿ ಬಳಕೆಯಲ್ಲಿತ್ತು. ಅಂಥ ಒಂದು ಜಿಂಕೆಯ ಅಥವಾ ನಾಯಿಯ ಬ್ರೋಚು ನಿಮ್ಮ ಕೈಗೆ ಬಂದರೆ ಅದರ ಬೆನ್ನ ಮೇಲೆ ಇನ್ನೊಂದು ಪ್ರಾಣಿ ಕಾಣಬಹುದು. ನಡೆಯುತ್ತಿರುವ ಸಿಂಹವಿದ್ದರೆ ಅದು ಸಾವಿರಕ್ಕೆ 925 ಭಾಗ ಬೆಳ್ಳಿ ಎಂಬ ಇಂಗ್ಲೆಂಡಿನ ಭರವಸೆ. 1544ರಿಂದ ಬಂದ ಗುರುತು ಇದು. ಚಿರತೆಯ ಮುಖವಿದ್ದರೆ ಲಂಡನ್ನು, ಲಂಗರಿದ್ದರೆ ಬರ್ಮಿಂಗ್‌ಹ್ಯಾಮು. ಇವು ಪರೀಕ್ಷೆ ನಡೆದ ಊರನ್ನು ಹೇಳುತ್ತವೆ. ಇವುಗಳ ಪಕ್ಕದ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ಎರಡು ಮೂರು ಅಕ್ಷರಗಳ ಗುಂಪೇ ಮಾಡಿದವರದು. ಆ ಗುರುತು ಒತ್ತಲೇಬೇಕೆಂದು ಇಂಗ್ಲೆಂಡಿನಲ್ಲಿ 1363ರಲ್ಲೇ ಕಾನೂನಾಯಿತು. ಫ್ರಾನ್ಸಿನ ಸಣ್ಣ ಒಡವೆಗಳಿಗೆ 1838ರಿಂದ ಕಾಡುಹಂದಿಯ ತಲೆ ಅಥವಾ ಏಡಿ. ಮಾಡಿದವರ ಅಕ್ಷರಗಳು ಅಲ್ಲಿ ವಜ್ರಾಕಾರದ ಚೌಕಟ್ಟಿನೊಳಗೆ ಕೂತಿರುತ್ತವೆ. ಆದ್ದರಿಂದ ಮುದ್ರೆಯಲ್ಲಿ ಸಿಂಹ ಕಂಡ ಕೂಡಲೇ ‘ಇದು ಸಿಂಹದ ಕಂಪನಿ’ ಎನ್ನಬೇಡಿ. ಸಿಂಹ ಶುದ್ಧತೆಗೆ ಮಾತ್ರ ಸಾಕ್ಷಿ. ಕೈ ಯಾರದೆಂದು ಹೇಳುವುದು ಪಕ್ಕದ ಅಕ್ಷರ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೂ ದೊಡ್ಡ ಅಂಗಡಿಗಳು ಇದೇ ರೀತಿಯ ಮುದ್ರೆ ಒತ್ತಿದವು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯ ಮುದ್ರೆಗಳ ಸಾಲಿನಲ್ಲಿ ಆನೆ ಇರುತ್ತಿತ್ತು. ಮದ್ರಾಸಿನ ಮೌಂಟ್ ರಸ್ತೆಯ ಪಿ. ಆರ್ ಅಂಡ್ ಸನ್ಸ್ ದೇವರು, ಪ್ರಾಣಿಗಳನ್ನು ಉಬ್ಬಿಸಿದ ‘ಸ್ವಾಮಿ’ ಕೆಲಸಕ್ಕೆ ಹೆಸರಾಗಿ ತನ್ನ ಪೂರ್ಣ ಹೆಸರನ್ನೇ ಒತ್ತುತ್ತಿತ್ತು. ಕಛ್‌ನ ಭುಜ್‌ನಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಬಳ್ಳಿಗಳ ನಡುವೆ ಪ್ರಾಣಿಗಳನ್ನು ಜೀವಂತ ಎಂಬಂತೆ ಎಬ್ಬಿಸಿದ ಕುಶಲಿ ಊಮರ್ಸಿ ಮಾವ್‌ಜಿ. ಇಂಗ್ಲಿಷಿನ ‘ಓ.ಎಂ.’ ಅವನ ಗುರುತು. ಅದು ಓಂಕಾರವಲ್ಲ! ಹಾಗೆಂದುಕೊಂಡು ಕುಂಕುಮ ಹಚ್ಚಿದರೆ ತಪ್ಪೇನಿಲ್ಲ, ಆದರೆ ಕರಗಿಸಲು ಕೊಟ್ಟರೆ ಬೆಳ್ಳಿಯ ಬೆಲೆ ಮಾತ್ರ ಬರುತ್ತದೆ.

ಒಂದು ಎಚ್ಚರಿಕೆ. ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಬೆಳ್ಳಿಯಲ್ಲ, ಬೇರೆ ಲೋಹಕ್ಕೆ ಬೆಳ್ಳಿಯ ಲೇಪ. ‘ಜರ್ಮನ್ ಸಿಲ್ವರ್’ನಲ್ಲಿ ಇರುವುದು ತಾಮ್ರ, ಸತು, ನಿಕ್ಕಲ್. ಹೆಸರಿನಲ್ಲಷ್ಟೇ ಬೆಳ್ಳಿ. ‘925’ ಎಂಬ ಅಂಕಿಯ ಠಸ್ಸೆಯನ್ನು ಯಾರು ಬೇಕಾದರೂ ಕೊರೆಸಿಕೊಳ್ಳಬಹುದು. ಪೊಳ್ಳು ಒಡವೆಯೊಳಗೆ ಅರಗು ತುಂಬಿದ್ದರೆ ತಕ್ಕಡಿಯೂ ಸುಳ್ಳು ಹೇಳುತ್ತದೆ.

ಸರ್ಕಾರದ ಮುದ್ರೆ ನಮ್ಮಲ್ಲಿ ಬಹಳ ತಡವಾಗಿ ಬಂತು. ಭಾರತೀಯ ಮಾನಕ ಬ್ಯೂರೊ ಬೆಳ್ಳಿಗೆ ಹಾಲ್‌ಮಾರ್ಕ್ ಆರಂಭಿಸಿದ್ದು 2005ರಲ್ಲಿ. 2025ರ ಸೆಪ್ಟೆಂಬರ್ 1ರಿಂದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಪ್ರತ್ಯೇಕ ಸಂಖ್ಯೆ ಕೊಡುವ ವ್ಯವಸ್ಥೆ ಬಂತು. ಜಾರಿಗೆ ಬಂದಾಗ ಅದು ಕಡ್ಡಾಯವಾಗಿರಲಿಲ್ಲ. ಯಾರಾದರೂ ‘ನೂರು ವರ್ಷದ ಹಳೆಯ ಮಾಲು’ ಎಂದು ತೋರಿಸಿದ ಪದಕದ ಬೆನ್ನಿಗೆ ಬ್ಯೂರೊದ ತ್ರಿಕೋನ ಕಂಡರೆ ಸಂಶಯಪಡಿ. ಮಾಲು ಹೊಸದಿರಬೇಕು, ಇಲ್ಲವೇ ಮುದ್ರೆ ಇತ್ತೀಚೆಗೆ ಬಿದ್ದಿರಬೇಕು.

ಇನ್ನು ನಮ್ಮ ಹಳ್ಳಿಗಳ ಬೆಳ್ಳಿಗೆ ಬರೋಣ. ಇಲ್ಲಿ ಹೆಚ್ಚಿನ ಒಡವೆಗಳಿಗೆ ಮುದ್ರೆಯೇ ಇಲ್ಲ. ನಮ್ಮವರಿಗೆ ಸಹಿ ಹಾಕುವುದು ಗೊತ್ತಿರಲಿಲ್ಲವೇ? ಹಾಗೇನಿಲ್ಲ. ಹತ್ತಿರದ ಜಾವಗಲ್ಲಿಗೆ ಹೋಗಿ, ತರೀಕೆರೆ ಕಡೆಯ ಅಮೃತಾಪುರಕ್ಕೆ ಹೋಗಿ. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮನ ಹೆಸರು ಕೇಳುತ್ತೀರಿ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಕಲ್ಲುಕುಟಿಗ ಹೆಸರು ಬರೆದ. ಬೆಳ್ಳಿ ತಟ್ಟಿದವನು ಏಕೆ ಬರೆಯಲಿಲ್ಲ?

ನನಗೆ ತೋಚುವ ಕಾರಣ ಎರಡು. ಒಂದು, ಬರೆಯುವ ಅಗತ್ಯವಿರಲಿಲ್ಲ. ನಾಣ್ಯವನ್ನೋ ಹಳೆಯ ಒಡವೆಯನ್ನೋ ಕೊಟ್ಟು ಎದುರಿಗೇ ಕೂತು ಮಾಡಿಸಿಕೊಂಡವರಿಗೆ ಅಕ್ಕಸಾಲಿ ಯಾರೆಂದು ಠಸ್ಸೆ ಬೇಕೆ? ಎರಡು, ಕಲ್ಲು ಉಳಿಯುತ್ತದೆ, ಬೆಳ್ಳಿ ಕರಗುತ್ತದೆ. ಮಗಳ ಕಾಲಕ್ಕೆ ಈ ಹಾವು ಇನ್ನೇನೋ ಆಗುತ್ತದೆಂದು ಅವನಿಗೂ ಗೊತ್ತಿತ್ತು.

ಹಾಗಾದರೆ ಮುದ್ರೆಯಿಲ್ಲದ ಒಡವೆಯನ್ನು ಗುರುತಿಸುವುದು ಹೇಗೆ? ಆಚಾರ್ರು ನನಗೆ ಹೇಳಿಕೊಟ್ಟದ್ದು ಇದು. ಅಕ್ಷರ ಹುಡುಕುವುದರ ಜೊತೆಗೆ ಕೈಯನ್ನೂ ಹುಡುಕಬೇಕು. ಹಾವಿನ ಕಣ್ಣನ್ನು ಚುಕ್ಕಿ ಹೊಡೆದು ಮಾಡಿದ್ದೋ, ಗುಂಡು ಕೂರಿಸಿ ಬೆಸೆದದ್ದೋ? ಮೀನಿನ ಪೊರೆ ಅಚ್ಚಿನಿಂದ ಬಂತೋ, ಉಳಿಯಿಂದ ಒಂದೊಂದಾಗಿ ಬಂತೋ? ಬೆಸುಗೆ ಎಲ್ಲಿ ಮುಚ್ಚಿದ್ದಾರೆ? ತಿರುಪು ಕೈಯಿಂದ ಸುತ್ತಿದ್ದೋ, ಯಂತ್ರದ್ದೋ? ಒಂದೇ ಊರಿನ ನಾಲ್ಕು ಮನೆಗಳ ಒಡವೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೈ ಎದ್ದು ಕಾಣುತ್ತದೆ. ಆ ಮೇಲೆ ಮನೆಯ ಹಿರಿಯರನ್ನು ಕೇಳಬೇಕು: ಯಾವ ಊರಿನ ಆಚಾರ್ರು, ಯಾರ ಮದುವೆಗೆ, ಏನು ಕೊಟ್ಟು ಮಾಡಿಸಿದ್ದು? ಮುದ್ರೆಯಿಲ್ಲದ ಬೆಳ್ಳಿಯ ಮುದ್ರೆ ಇರುವುದು ಈ ನೆನಪಿನಲ್ಲಿ.

ಆ ನೆನಪಿಗೆ ಈಗ ಕಾಲ ಕಡಿಮೆ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿ ಏರಿತು. ಬೆಲೆ ಏರಿದಾಗಲೆಲ್ಲ ಅಜ್ಜಿಯರ ಪೆಟ್ಟಿಗೆಗಳು ತೆರೆಯುತ್ತವೆ. ಮಾರಬೇಡಿ ಎಂದು ಹೇಳಲು ನಾನು ಯಾರು? ಮಗಳ ಓದು, ಬೋರ್‌ವೆಲ್ಲು, ಆಸ್ಪತ್ರೆ – ಕಷ್ಟಕ್ಕಾಗಲೆಂದೇ ಹಿರಿಯರು ಬೆಳ್ಳಿ ಮಾಡಿಸಿದ್ದು. ನಾನು ಕೇಳುವುದು ಹತ್ತು ನಿಮಿಷ ಮಾತ್ರ. ಕೊಡುವ ಮೊದಲು ಎದುರು, ಬೆನ್ನು, ಕೊಂಡಿ ಮೂರನ್ನೂ ಮೊಬೈಲಿನಲ್ಲಿ ತೆಗೆಯಿರಿ. ಗುರುತಿದ್ದರೆ ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿ. ರೈಸ್ ಸಾಹೇಬರು ನಮ್ಮ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಅಚ್ಚು ಹಾಕಿಸಿದ್ದರಿಂದ ಅವು ಉಳಿದವು. ಬೆಳ್ಳಿಯ ಶಾಸನಕ್ಕೆ ನಿಮ್ಮ ಮನೆಯ ಹುಡುಗರೇ ರೈಸ್ ಆಗಲಿ. ತೂಕ, ಅಳತೆ, ಅಜ್ಜಿ ಹೇಳಿದ ಮಾತು ಒಂದು ನೋಟ್‌ಬುಕ್ಕಿಗೆ ಹೋಗಲಿ. ಪೂರ್ಣ ಹೆಸರಿನ ಮುದ್ರೆ ಕಂಡರೆ ಇನ್ನೊಬ್ಬರಿಗೆ ತೋರಿಸದೆ ಕರಗಿಸಬೇಡಿ.

ಕೊನೆಯ ಮಾತು. ಲಕ್ಷ್ಮೀಶ ತನ್ನ ಕಾವ್ಯದಲ್ಲಿ ದೇವಪುರದ ಲಕ್ಷ್ಮೀರಮಣನ ಅಂಕಿತ ಹಾಕಿದ. ಆದರೂ ಆ ದೇವಪುರ ನಮ್ಮದೆಂದು ನೀವು ಹೇಳುತ್ತೀರಿ, ತಮ್ಮದೆಂದು ಸುರಪುರದ ಕಡೆಯವರು ಹೇಳುತ್ತಾರೆ. ಅಂಕಿತವಿದ್ದ ಕವಿಯ ಬಗ್ಗೆಯೇ ಇಷ್ಟು ವಾದ. ಆದರೆ ವಾದಿಸಲು ಕಾವ್ಯವಾದರೂ ಉಳಿದಿದೆ. ನಮ್ಮಜ್ಜಿಯ ಹಾವು ಉಳಿದಿಲ್ಲ. ಹಳೆಯ ಒಂದೇ ಒಂದು ಫೋಟೊದಲ್ಲಿ ಅಜ್ಜಿ ನಿಂತಿದ್ದಾರೆ, ತೋಳಿನ ಮೇಲೆ ಸೆರಗು ಹೊದ್ದಿದ್ದಾರೆ. ನಿಮ್ಮ ಮನೆಯದು ಇನ್ನೂ ಪೆಟ್ಟಿಗೆಯಲ್ಲಿದೆ. ಇವತ್ತು ಸಂಜೆಯೇ ತೆಗೆದು ಬೆನ್ನು ತಿರುಗಿಸಿ ನೋಡಿ.