ಬನಿಯನ್ ಬಟ್ಟೆಯ ರಾಣಿ

ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಅಲ್ಲಿ ಹುಟ್ಟಿದ ಲೀನಾ ನಾಯರ್ 2022ರಲ್ಲಿ ಶನೆಲ್ ಕಂಪನಿಯ ಮುಖ್ಯಸ್ಥೆಯಾದರು. ನಮ್ಮ ದೇಶದ ಹೆಣ್ಣುಮಗಳು ಅಂತ ಎಲ್ಲರೂ ಎದೆ ಉಬ್ಬಿಸಿದೆವು. ಸಂತೋಷ. ಆದರೆ ಆ ಕಂಪನಿಯ ಕಥೆ ಏನು ಅಂತ ಎಷ್ಟು ಜನ ಕೇಳಿದೆವು? ಇವತ್ತು ಅದನ್ನ ಹೇಳ್ತೀನಿ.

ಗ್ಯಾಬ್ರಿಯೆಲ್ ಶನೆಲ್. 1883ರಲ್ಲಿ ಫ್ರಾನ್ಸಿನ ಬಡ ಸಂತೆ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವಳು. ತಾಯಿ ಸತ್ತಳು, ಅಪ್ಪ ಮಕ್ಕಳನ್ನು ಬಿಟ್ಟು ಹೊರಟುಹೋದ. ಹುಡುಗಿ ಬೆಳೆದದ್ದು ಕ್ರೈಸ್ತ ಸನ್ಯಾಸಿನಿಯರ ಅನಾಥಾಶ್ರಮದಲ್ಲಿ. ಸೂಜಿ ಹಿಡಿದದ್ದೂ ಅಲ್ಲೇ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿ ಅಂಗಡಿ ತೆರೆದಳು.

ಆಗಿನ ಸಿರಿವಂತ ಹೆಂಗಸರ ಉಡುಪು ಹೇಗಿತ್ತು ಗೊತ್ತೇ? ಸೊಂಟ ಬಿಗಿಯುವ ಕಾರ್ಸೆಟ್. ಉಸಿರಾಡೋದೇ ಕಷ್ಟ. ಅದನ್ನು ಬಿಡಿಸಿದವಳು ಇವಳೊಬ್ಬಳೇ ಅಂತ ಹೇಳ್ತಾರೆ, ಅದು ಪೂರ್ತಿ ನಿಜವಲ್ಲ. ಪಾಲ್ ಪ್ವಾರೆ ಎಂಬ ದರ್ಜಿ ಮೊದಲೇ ಕೈಬಿಟ್ಟಿದ್ದ. ಆದರೆ ಆತ ಹೊಲಿದ ಲಂಗ ಕಾಲಿನ ಬಳಿ ಎಷ್ಟು ಬಿಗಿ ಅಂದರೆ, ಹೆಜ್ಜೆ ಹಾಕೋಕೇ ಆಗ್ತಿರಲಿಲ್ಲ! ಸೊಂಟ ಬಿಟ್ಟ, ಕಾಲು ಹಿಡಿದ.

ಶನೆಲ್ ಮಾಡಿದ್ದು ಬೇರೆ. ಮೊದಲ ಮಹಾಯುದ್ಧ, ಬಟ್ಟೆಗೆ ಬರ. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯನ್ನು ಕೊಂಡಳು. ನಮ್ಮ ಬನಿಯನ್ ಬಟ್ಟೆ ಅಂದುಕೊಳ್ಳಿ. ಅದರಲ್ಲಿ ಶ್ರೀಮಂತರ ಹೆಂಡತಿಯರಿಗೆ ಉಡುಪು ಹೊಲಿದಳು, ಅವರು ದುಡ್ಡು ಕೊಟ್ಟು ಉಟ್ಟರು! 1926ರಲ್ಲಿ ಆಕೆಯ ಸರಳ ಕಪ್ಪು ಉಡುಪನ್ನು ವೋಗ್ ಪತ್ರಿಕೆ ಹೋಲಿಸಿದ್ದು ಯಾವುದಕ್ಕೆ? ಫೋರ್ಡ್ ಕಾರಿಗೆ.

ಕಾಗದದ ಮೇಲೆ ಚಿತ್ರ ಬರೆಯುತ್ತಿರಲಿಲ್ಲ. ಮಾಡೆಲ್ ಮೈಮೇಲೆ ಬಟ್ಟೆ ಇಟ್ಟು, ಗುಂಡುಪಿನ್ನು ಚುಚ್ಚಿ, ಕತ್ತರಿ ಆಡಿಸುತ್ತಿದ್ದಳು. ತೋಳು ಎತ್ತಿದಾಗ ಜಾಕೆಟ್ ಮೇಲೆ ಬಂತೋ, ಕಿತ್ತು ಮತ್ತೆ ಹೊಲಿ. ಅಂಚು ನೆಟ್ಟಗೆ ಇಳಿಬೀಳಬೇಕು ಅಂತ ಒಳಗೆ ಸಣ್ಣ ಸರಪಳಿ ಹೊಲಿಸುತ್ತಿದ್ದಳು. ಗುಂಡಿ ಇದ್ದರೆ ಅದಕ್ಕೆ ಕಾಜಾ ಇರಬೇಕು. ಜೇಬು ಇದ್ದರೆ ಕೈ ಹೋಗಬೇಕು. ನಮ್ಮ ಹೆಣ್ಣುಮಕ್ಕಳ ಕುರ್ತಾ ಹೊಲಿಯೋರು ಇದನ್ನ ಸ್ವಲ್ಪ ಕೇಳಿಸಿಕೊಳ್ಳಿ ಸ್ವಾಮಿ. 1955ರಲ್ಲಿ ಕೈಚೀಲಕ್ಕೆ ಸರಪಳಿ ಪಟ್ಟಿ ಹಾಕಿ ಹೆಗಲಿಗೇರಿಸಿದ್ದೂ ಅದಕ್ಕೇ, ಎರಡೂ ಕೈ ಖಾಲಿ ಇರಲಿ ಅಂತ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಹೊಡೆದು ಎದ್ದುಬಿಡಬಹುದು. ನಾನು ನಿಲ್ಲಿಸೋದಿಲ್ಲ.

1936ರಲ್ಲಿ ಆಕೆಯ ಕೆಲಸಗಾರ್ತಿಯರೇ ಮುಷ್ಕರ ಹೂಡಿ, ಆಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿದರು. 1939ರಲ್ಲಿ ಯುದ್ಧ ಬಂತು. ಹೊಲಿಗೆ ವಿಭಾಗ ಮುಚ್ಚಿದಳು, ಸಾವಿರಾರು ಜನರ ಕೆಲಸ ಹೋಯಿತು. ಹೆಂಗಸರ ತೋಳಿಗೆ ಬಿಡುಗಡೆ ಕೊಟ್ಟವಳು, ಹೊಲಿದ ಕೈಗಳಿಗೆ ಕೊಟ್ಟದ್ದು ಇದು. ಪ್ಯಾರಿಸ್ ಜರ್ಮನ್ನರ ವಶವಾದಾಗ ರಿಟ್ಜ್ ಹೋಟೆಲಿನಲ್ಲಿ ವಾಸ, ಜರ್ಮನ್ ಅಧಿಕಾರಿಯೊಬ್ಬನ ಜೊತೆ ಸಂಬಂಧ. ಜರ್ಮನ್ ಗುಪ್ತಚರ ದಾಖಲೆಯಲ್ಲಿ ಆಕೆಯ ಹೆಸರೂ ಇದೆ.

ಅದಕ್ಕಿಂತ ಕೆಟ್ಟದ್ದು ಕೇಳಿ. ನಂಬರ್ 5 ಸುಗಂಧದ ಕಂಪನಿಯಲ್ಲಿ ಆಕೆಗಿದ್ದದ್ದು ಶೇ. 10 ಪಾಲು. ದೊಡ್ಡ ಪಾಲು ವರ್ಟೈಮರ್ ಸಹೋದರರದು, ಅವರು ಯಹೂದಿಗಳು. ಯಹೂದಿಗಳ ಆಸ್ತಿ ಕಿತ್ತುಕೊಳ್ಳುವ ಕಾನೂನನ್ನೇ ಹಿಡಿದು 1941ರಲ್ಲಿ ಆ ಕಂಪನಿ ನನಗೆ ಕೊಡಿ ಅಂತ ಕೇಳಿದಳು. ಜೀವ ಉಳಿಸಿಕೊಳ್ಳಲು ಅಮೆರಿಕಕ್ಕೆ ಓಡಿದವರ ಬೆನ್ನಿಗೆ! ಆದರೆ ಅವರು ಅಷ್ಟರಲ್ಲೇ ಪಾಲನ್ನು ಯಹೂದಿಯಲ್ಲದ ಸ್ನೇಹಿತರೊಬ್ಬರ ಹೆಸರಿಗೆ ಮಾಡಿದ್ದರು. ಆಟ ನಡೆಯಲಿಲ್ಲ.

1954ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮತ್ತೆ ಅಂಗಡಿ ತೆರೆದಳು. ಫ್ರೆಂಚ್ ಪತ್ರಿಕೆಗಳು ಹೀಗಳೆದವು, ಅಮೆರಿಕದ ಹೆಂಗಸರು ಕೊಂಡರು. ಅದಕ್ಕೆ ದುಡ್ಡು ಹಾಕಿದವನು ಯಾರು? ಪಿಯರ್ ವರ್ಟೈಮರ್. ಇಡೀ ವ್ಯವಹಾರವನ್ನೇ, ಆಕೆಯ ಹೆಸರನ್ನೂ ಸೇರಿಸಿ, ಕೊಂಡುಕೊಂಡ.

ಆಕೆ 1971ರಲ್ಲಿ ತೀರಿಕೊಂಡಳು. 1983ರಲ್ಲಿ ಬಂದ ಕಾರ್ಲ್ ಲಾಗರ್‌ಫೆಲ್ಡ್ ಎಂಬ ಜರ್ಮನ್, ಅದೇ ಜಾಕೆಟ್, ಅದೇ ಸರಪಳಿಗಳನ್ನು ಹಿಗ್ಗಿಸಿ, ಕುಗ್ಗಿಸಿ, ಸಾಯುವತನಕ ಮಾರಿದ.

ಜಾಕೆಟ್ಟಿನ ಅಂಚಿನಲ್ಲಿ ಆ ಸಣ್ಣ ಸರಪಳಿ ಈಗಲೂ ಇದೆ. ಕಂಪನಿಯ ಒಡೆತನ ಈಗಲೂ ವರ್ಟೈಮರ್ ಮನೆತನದ್ದೇ.