ಕಾವೇರಿಯ ಬಿಳಿಮೀನು

ಗೆಜ್ಜಲಗೆರೆ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಇವತ್ತು ಮೀನು ಸಾರು ಎಂದರೆ ಹೆಚ್ಚಾಗಿ ಕೆರೆಯಲ್ಲಿ ಬೆಳೆಸಿದ ಕಾಟ್ಲಾ ಅಥವಾ ರೋಹು. ಆದರೆ ಮದ್ದೂರಿನ ಮಗ್ಗುಲಲ್ಲೇ ಹರಿಯುವ ಶಿಂಷೆ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುತ್ತಾಳಲ್ಲ, ಅಲ್ಲಿಂದ ಕೆಳಗೆ, ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆಯ ಬಂಡೆಗಳ ನಡುವೆ ಬೇರೆಯದೇ ಒಂದು ಮೀನಿನ ಸಂಸಾರವಿತ್ತು. ಹೊಳೆಯವರು ಅದನ್ನು ಬಿಳಿಮೀನು ಎನ್ನುತ್ತಾರೆ. ಹೊರಗಿನವರಿಗೆ ಅದು ಮಹಸೀರ್. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ, ದೊಡ್ಡ ದೊಡ್ಡ ಹುರುಪೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕಿಲೋ!

ಈ ಮೀನು ನಿಂತ ನೀರಿನದಲ್ಲ. ಕೊಡಗಿನಲ್ಲಿ ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂದರೆ ಹರಿವಿಗೆ ಎದುರಾಗಿ ಮೇಲಕ್ಕೆ ಹೊರಡುತ್ತದೆ, ನುರುಜುಗಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಬಂಡೆಗೆ ಬಡಿದು ನೊರೆಯೆದ್ದು ಗಾಳಿ ಬೆರೆತ ನೀರೇ ಅದಕ್ಕೆ ಉಸಿರು. ಬೆಸ್ತರ ವಿದ್ಯೆಯೆಲ್ಲ ಈ ನೀರನ್ನು ಓದುವುದರಲ್ಲಿದೆ. ಬಿದಿರ ದಬ್ಬೆ ಹೆಣೆದು ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದ ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಒಂದೇ ಹುಟ್ಟಿನಲ್ಲಿ ಅದನ್ನು ಸುಳಿಯಿಂದ ತಪ್ಪಿಸಿ, ಬಂಡೆಯ ಮರೆಗೆ ತಂದು ನಿಲ್ಲಿಸಬೇಕು. ತೆಳುನೀರಿನಲ್ಲಿ ಬೀಸುಬಲೆ ನಡೆಯುತ್ತದೆ. ಕಲ್ಲು ತುಂಬಿದ ಮಡುವಿನಲ್ಲಿ ಬಲೆ ಹರಿಯುತ್ತದೆ, ಅಲ್ಲಿ ಗಾಳವೇ ಸರಿ.

ಗಾಳಕ್ಕೆ ಏನು ಸಿಕ್ಕಿಸುತ್ತಾರೆ? ಮಂಡ್ಯದವರು ಹೆಮ್ಮೆಪಡಬೇಕಾದ ವಿಷಯ ಇದು: ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಚೆನ್ನಾಗಿ ನಾದಿ, ಹರಿವ ನೀರಿನಲ್ಲಿ ಕರಗದ ಹಾಗೆ ಉಂಡೆ ಕಟ್ಟುತ್ತಾರೆ. ಹದ ತಪ್ಪಿದರೆ ಸಣ್ಣ ಮೀನುಗಳು ಬಿಡಿಸಿಕೊಂಡು ತಿಂದುಬಿಡುತ್ತವೆ. ಏಡಿಯನ್ನೂ ಸಿಕ್ಕಿಸುವುದುಂಟು. ಬಿಳಿಮೀನಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ಅದು ಅಲ್ಲೇ ಪುಡಿ ಮಾಡುತ್ತದೆ. ದೇಶವಿದೇಶಗಳಿಂದ ದುಬಾರಿ ಕೋಲು, ರಾಟೆಗಳನ್ನು ಹೊತ್ತು ಭೀಮೇಶ್ವರಿಗೆ ಬಂದವರೂ ಕೊನೆಗೆ ಕೈಚಾಚಿದ್ದು ಊರವರ ರಾಗಿ ಉಂಡೆಗೇ. ನಮ್ಮ ನಾಡಿಗೆ ಗಾಳದ ವಿದ್ಯೆಯೇನೂ ಪರದೇಶದಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳ ಮೇವು, ಗಾಳ ಹಾಕುವ ಬಗೆ ಎಲ್ಲವೂ ಅದರಲ್ಲಿವೆ.

ಇನ್ನು ಅಡುಗೆಯ ಮಾತು. ಹೊಳೆಮೀನಿನ ಹುರುಪೆ ಹೆರೆದು, ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ತೊಳೆಯಬೇಕು. ಕೈಯಿಂದ ಜಾರುವ ಲೋಳೆಮೀನಾದರೆ ಒಲೆಯ ಬೂದಿ ಬೇಕು. ಧನಿಯ, ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಚಿಟಿಕೆ ಮೆಂತ್ಯ ರುಬ್ಬಿ, ಹುಣಸೆಹುಳಿ ಬಿಟ್ಟು, ಹಸಿ ವಾಸನೆ ಹೋಗುವವರೆಗೆ ಮಡಕೆಯಲ್ಲಿ ಮಳ್ಳಿಸುತ್ತಾರೆ. ಮೀನು ಹಾಕುವುದು ಆಮೇಲೆ. ಹಾಕಿದ ಮೇಲೆ ಸೌಟು ಆಡಿಸುವಂತಿಲ್ಲ, ತುಂಡು ಒಡೆದುಹೋಗುತ್ತದೆ. ಮಡಕೆಯನ್ನೇ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಉಪ್ಪು ಹುಳಿ ಹಿಡಿದ ಮಾರನೆಯ ದಿನದ ಸಾರಿನ ಜೊತೆ ಬಿಸಿ ಮುದ್ದೆ ಉಂಡವರಿಗೆ ಅದರ ರುಚಿಯನ್ನು ನಾನು ಹೇಳಬೇಕಾಗಿಲ್ಲ.

ನಮ್ಮ ಹೊಳೆಯವರಿಗೆ ಬಿಳಿಮೀನು ಇದ್ದಂತೆ ಅಮೆರಿಕದ ಕೊಲಂಬಿಯಾ ನದಿಯ ಮೂಲನಿವಾಸಿಗಳಿಗೆ ಸಾಲ್ಮನ್ ಮೀನು ಬದುಕಾಗಿತ್ತು. ಸೆಲೈಲೊ ಎಂಬ ಜಲಪಾತದ ಮೇಲೆ ಮರದ ಅಟ್ಟಣೆ ಕಟ್ಟಿ, ಹಿಡಿಬಲೆಯಿಂದ ಮೀನು ಎತ್ತುತ್ತಿದ್ದರು. ವರ್ಷದ ಮೊದಲ ಸಾಲ್ಮನ್ನಿಗೆ ಹಬ್ಬ ಮಾಡುತ್ತಿದ್ದರು. 1957ರಲ್ಲಿ ಅಣೆಕಟ್ಟೆಯ ನೀರು ಆ ಜಲಪಾತವನ್ನೇ ಮುಳುಗಿಸಿತು. ಕಾವೇರಿಯ ಪೆಟ್ಟು ಅಷ್ಟು ಒಮ್ಮೆಗೇ ಬಿದ್ದದ್ದಲ್ಲ. ಅಣೆಕಟ್ಟುಗಳು ಹರಿವನ್ನು ಬದಲಿಸಿದವು, ಮರಳು ಹೋಯಿತು, ಮಡುಗಳಿಗೆ ಸಿಡಿಮದ್ದು ಎಸೆಯುವ ಕೆಟ್ಟ ಚಾಳಿ ಬಂತು. ಸಿಡಿಮದ್ದು ದೊಡ್ಡದು ಚಿಕ್ಕದು ನೋಡುವುದಿಲ್ಲ, ಮರಿಗಳನ್ನೂ ಉಳಿಸುವುದಿಲ್ಲ. ಅದನ್ನು ವಿದ್ಯೆ ಎಂದು ನಾನು ಒಪ್ಪುವುದಿಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ತೊಡಕಾಯಿತು. 1970ರ ದಶಕದಿಂದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ, ನೀಲಿ ರೆಕ್ಕೆಯ ಬೇರೆ ಜಾತಿಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದಲ್ಲಿ ಹಿಡಿದು ಮತ್ತೆ ಹೊಳೆಗೇ ಬಿಟ್ಟ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ನೋಡಿದಾಗ, ನೀಲಿ ರೆಕ್ಕೆಯದು ಏರಿತ್ತು, ಕಿತ್ತಳೆ ರೆಕ್ಕೆಯ ನಮ್ಮ ಡುಬ್ಬದ ಮೀನು ಕರಗುತ್ತ ಬಂದಿತ್ತು. ನೂರಾರು ವರ್ಷ ಎಲ್ಲರಿಗೂ ಪರಿಚಯವಿದ್ದ ಈ ಮೀನು ಯಾವ ಜಾತಿಯದೆಂದು ವಿಜ್ಞಾನ ಖಚಿತಪಡಿಸಿಕೊಂಡದ್ದು 2018ರಲ್ಲಿ: ಟಾರ್ ರೆಮಾದೇವಿಯೈ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಮೊಯಾರ್ ನದಿ ಅದಕ್ಕೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು.

ಭೀಮೇಶ್ವರಿಯ ಗಾಳದ ಶಿಬಿರಗಳಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಮಾರ್ಗದರ್ಶಿಗಳೂ ಕಾವಲುಗಾರರೂ ಆಗಿದ್ದರು. ಮೀನು ಯಾವ ಮಡುವಿನಲ್ಲಿ ಮಲಗುತ್ತದೆಂದು ಬಲ್ಲವರಿಗಿಂತ ಒಳ್ಳೆಯ ಕಾವಲುಗಾರರು ಎಲ್ಲಿ ಸಿಗುತ್ತಾರೆ? ಬಿಳಿಮೀನನ್ನು ಉಳಿಸುವ ಯಾವ ಯೋಜನೆಗಾದರೂ ಹೊಳೆದಂಡೆಯ ಬೆಸ್ತರನ್ನು ಮೊದಲು ಕರೆದು ಕೂರಿಸಬೇಕು. ಹಾಗೆಯೇ ಶಿಂಷೆ, ಕಾವೇರಿಯ ದಡದಲ್ಲಿರುವ ಕೇಳುಗರಲ್ಲಿ ಒಂದು ಬೇಡಿಕೆ: ಮುಂಗಾರಿನಲ್ಲಿ ಮೊಟ್ಟೆಗೆ ಹೊರಟ ಮೀನನ್ನು ಹಿಡಿಯಬೇಡಿ, ಸಿಡಿಮದ್ದಿನ ಮೀನನ್ನು ಕೊಳ್ಳಬೇಡಿ. ಕಿತ್ತಳೆ ರೆಕ್ಕೆಯ ಮೀನು ಬಲೆಗೆ ಬಿದ್ದರೆ ಕೂಡಲೇ ನೀರಿಗೆ ಬಿಡಿ. ಸಾರಿಗೆ ಕಾಟ್ಲಾ ಇದ್ದೇ ಇದೆ.